ತಾನೇ ಚೊಕ್ಕಟವಾಗುವ ಮನೆ

ದುಡ್ಡಿದ್ದವರಿಗೆ ಮನೆಯಲ್ಲಿ ಆಳುಕಾಳು ಬೇಕಾ ಬೇಡವಾ ಅಂತ ಯಾರಾದರೂ ಕೇಳಿದರೆ ಬೆಕ್ಕಕ್ಕ "ಕೆಲಸ ಬೇಕು ಕಣಪ್ಪ, ಕೆಲಸದವರು ಬೇಡ" ಅನ್ನುತ್ತಾಳೆ. ಹೇಳಿ ಮುಗಿಸಿ ನಗುತ್ತಾಳೆ. ಆ ನಗು ನೋಡಿದವರು ಇನ್ನೊಂದು ಸಲ ಕೇಳುವುದಿಲ್ಲ.

ಬೆಕ್ಕಕ್ಕ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅಡುಗೆಯಣ್ಣ ಇಟ್ಟಿದ್ದು. ದೊಡ್ಡ ಮನೆಯ ಅಡುಗೆಯವನು ಅವನು, ಕೈಯಷ್ಟೇ ಬಾಯಿಯೂ ಚುರುಕು. ಒಂದು ದಿನ ಒಲೆ ಮುಂದಿನಿಂದ ತಿರುಗಿ ನೋಡಿದರೆ ಬೆನ್ನ ಹಿಂದೆಯೇ ಇವಳು ನಿಂತಿದ್ದಾಳೆ. ಸೌಟು ಜಾರಿ ಕಾಲ ಮೇಲೆ ಬಿತ್ತು. "ಅಯ್ಯೋ ನಿನ್ನ! ಬೆಕ್ಕಾದರೂ ಬರೋವಾಗ ಮಿಯಾಂವ್ ಅನ್ನುತ್ತೆ, ನೀನು ಅದೂ ಇಲ್ವಲ್ಲಕ್ಕಾ!" ಅಂದ. ಅವತ್ತಿನಿಂದ ಅದೇ ಹೆಸರಾಯಿತು. ಗೇಟು ಕಾಯುವವನೂ ಹಾಗೇ ಕರೆದ, ಡ್ರೈವರೂ ಹಾಗೇ ಕರೆದ. ಒಳಗಿನ ಯಜಮಾನರು ಮಾತ್ರ ಯಾವ ಹೆಸರಲ್ಲೂ ಕರೆಯಲಿಲ್ಲ. ಕರೆಯುವ ಪ್ರಸಂಗವೇ ಬರುತ್ತಿರಲಿಲ್ಲ, ಅದೇ ಆ ಮನೆಯ ಕಾಯಿದೆ.

ಕಾಯಿದೆ ಮಾಡಿದವರು ದೊಡ್ಡಮ್ಮಾವ್ರು, ಅಂದರೆ ಆ ಮನೆಯ ಹಿರಿಯ ಯಜಮಾನಿ. ಗಂಡನನ್ನು ಬೇಗ ಕಳೆದುಕೊಂಡು, ಒಬ್ಬ ಮಗನನ್ನೂ ಹದಿನಾರು ಕೋಣೆಗಳನ್ನೂ ಒಬ್ಬರೇ ಆಳಿದ ಹೆಂಗಸು. ಬೆಕ್ಕಕ್ಕ ಕೆಲಸಕ್ಕೆ ಸೇರಿದ ದಿನ ಅವಳನ್ನು ಎದುರು ನಿಲ್ಲಿಸಿಕೊಂಡು ಹೇಳಿದ್ದು ಇಷ್ಟೇ: "ನೋಡು, ಈ ಮನೆ ತಾನೇ ಚೊಕ್ಕಟವಾಗುತ್ತೇನೋ ಅನ್ನೋ ಹಾಗಿರಬೇಕು. ಗುಡಿಸಿದ್ದು ಕಾಣಬೇಕು, ಗುಡಿಸೋಳು ಕಾಣಬಾರದು."

ಹಾಗೇ ನಡೆಯಿತು, ಹತ್ತೊಂಬತ್ತು ವರ್ಷ. ಬರಿಗಾಲಲ್ಲಿ ಓಡಾಡಬೇಕು. ಕೈಯಲ್ಲಿ ಸದ್ದು ಮಾಡುವ ಒಂದು ಬಳೆಯೂ ಇರಬಾರದು. ಗುನುಗಬಾರದು. ಕೆಮ್ಮು ಬಂದರೆ ಬಾಯಿಗೆ ಬಟ್ಟೆ ಒತ್ತಿಕೊಂಡು ಹಿತ್ತಲಿಗೆ ಓಡಿ, ಅಲ್ಲಿ ಕೆಮ್ಮಿ ಮುಗಿಸಿ ಬರಬೇಕು. ಪ್ರತಿ ಕೋಣೆಗೂ ಎರಡು ಬಾಗಿಲು. ಮುಂದಿನ ಬಾಗಿಲಲ್ಲಿ ಯಜಮಾನರ ಹೆಜ್ಜೆ ಕೇಳಿದರೆ ಹಿಂದಿನದರಲ್ಲಿ ಜಾರಿಕೊಳ್ಳಬೇಕು. ಹಾಸಿಗೆಯ ಬಟ್ಟೆ ಎಳೆದು ಮೂಲೆ ಮಡಚುವುದು, ಬಚ್ಚಲ ಜಾಲರಿಯಲ್ಲಿ ಸಿಕ್ಕಿಕೊಂಡ ಕೂದಲು ತೆಗೆಯುವುದು, ದೀಪದ ಗುಂಡಿಗಳ ಸುತ್ತ ಮೆತ್ತಿದ ಬೆರಳ ಗುರುತು ಒರೆಸುವುದು, ಹೂದಾನಿಯ ನೀರು ನಾರುವ ಮೊದಲೇ ಬದಲಿಸುವುದು, ಸೋಪು ತೆಳ್ಳಗಾಗುವ ಹೊತ್ತಿಗೆ ಹೊಸದಿಡುವುದು... ಒಂದಾ ಎರಡಾ! ಯಾವುದನ್ನೂ ಯಾರೂ ನೋಡಿದವರಿಲ್ಲ. ಮಾಡದೆ ಬಿಟ್ಟರೆ ಮಾತ್ರ ಕಾಣುವ ಕೆಲಸಗಳು ಅವೆಲ್ಲ, ಅವಳು ಒಂದು ದಿನವೂ ಬಿಟ್ಟವಳಲ್ಲ.

ಅವಳಿಗೆ ಅದರಲ್ಲಿ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಬೇಕು? ಒಮ್ಮೆ ಬಂದ ನೆಂಟರೊಬ್ಬರು "ಇಷ್ಟು ದೊಡ್ಡ ಮನೆಗೆ ಎಷ್ಟು ಜನ ಆಳುಗಳಿದ್ದಾರೆ?" ಅಂತ ಕೇಳಿದಾಗ ದೊಡ್ಡಮ್ಮಾವ್ರು, "ಒಳಗಿನ ಕೆಲಸಕ್ಕೆ ಒಬ್ಬಳೇ. ಅಂಥವಳು ನಿಮಗೆ ಸಿಗಲ್ಲ ಬಿಡಿ" ಅಂದಿದ್ದರು. ಹಿಂದಿನ ಬಾಗಿಲ ಮರೆಯಲ್ಲಿ ನಿಂತು ಅವಳು ಅದನ್ನು ಕೇಳಿಸಿಕೊಂಡಳು. ಆ ಒಂದು ಮಾತನ್ನು ಎಷ್ಟು ವರ್ಷ ಜೋಪಾನ ಮಾಡಿದಳೋ, ದೇವರಿಗೇ ಗೊತ್ತು.

ಅವಳ ಗಂಡ ಅದೇ ಮನೆಯ ತೋಟದ ಮಾಲಿ. ಗಿಡಗಳ ಜೊತೆ ಮಾತಾಡುತ್ತಾ, ಹೆಂಡತಿಯನ್ನು ಗೇಲಿ ಮಾಡುತ್ತಾ ಇದ್ದ ಮನುಷ್ಯ. ಎಂಟು ವರ್ಷದ ಹಿಂದೆ ಗುಲಾಬಿಗೆ ಹುಳದ ಔಷಧಿ ಹೊಡೆಯುವಾಗ ಹಳೇ ಪಂಪಿನ ಪೈಪು ಕಿತ್ತುಕೊಂಡು, ಔಷಧಿಯೆಲ್ಲ ಮುಖಕ್ಕೆ ರಾಚಿತು. ಪೈಪು ಸವೆದಿದೆ ಅಂತ ಅವನು ಮೂರು ಸಲ ಹೇಳಿದ್ದ. ಎರಡೂ ಕಣ್ಣು ಹೋದವು. ಆಸ್ಪತ್ರೆಗೆ ದೊಡ್ಡಮ್ಮಾವ್ರು ಖುದ್ದಾಗಿ ಬಂದು, ಅವನ ಮಂಚದ ಪಕ್ಕ ನಿಂತು, "ಹಿತ್ತಲ ಕೋಣೆ ನಿಮ್ಮಿಬ್ಬರದು. ನೀವು ಇರೋ ತನಕ. ಇದು ನನ್ನ ಮಾತು" ಅಂದರು. ಆಗ ಕಾಲೇಜು ಓದುತ್ತಿದ್ದ ಮಗ ಬಾಗಿಲ ಬಳಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದ. ಕಾಗದ ಪತ್ರ ಅಂತ ಯಾರೂ ಕೇಳಲಿಲ್ಲ. ದೊಡ್ಡವರ ಮಾತಿಗೆ ಕಾಗದ ಕೇಳುವುದುಂಟೇ?

ಆ ಹಿತ್ತಲೇ ಮಾಲಿಯ ಪ್ರಪಂಚವಾಯಿತು. ಕೋಣೆಯ ಹೊಸ್ತಿಲಿಂದ ನಲ್ಲಿಗೆ ಹದಿನಾಲ್ಕು ಹೆಜ್ಜೆ, ನಲ್ಲಿಯಿಂದ ನಿಂಬೆಗಿಡಕ್ಕೆ ಒಂಬತ್ತು, ಅಲ್ಲಿಂದ ಗೋಡೆ ಹಿಡಿದು ಬಟ್ಟೆ ಒಣಹಾಕುವ ತಂತಿಗೆ ಇಪ್ಪತ್ತೆರಡು. ಕೋಲು ಕೂಡ ಇಲ್ಲದೆ ಓಡಾಡುತ್ತಿದ್ದ. ಕುಂಡಗಳನ್ನು ಬೆರಳಲ್ಲೇ ಮುಟ್ಟಿ ಮುಟ್ಟಿ, ಯಾವುದಕ್ಕೆ ನೀರು ಬೇಕು ಅಂತ ಹೇಳುತ್ತಿದ್ದ. ಬೆಕ್ಕಕ್ಕ ಮನೆಯೊಳಗೆ ಬೆಕ್ಕೇ ಆಗಿದ್ದರೂ, ಹಿತ್ತಲಿಗೆ ಕಾಲಿಟ್ಟ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಬೇಕಂತಲೇ ಎಳೆದೆಳೆದು ನಡೆಯುತ್ತಿದ್ದಳು, ಗಂಡನಿಗೆ ಕೇಳಲಿ ಅಂತ. "ಬಂತು ನೋಡು ನಮ್ಮನೆ ಎಮ್ಮೆ" ಅನ್ನುತ್ತಿದ್ದ ಅವನು. "ಎಮ್ಮೆ ಹಾಲು ಕುಡಿಯೋವಾಗ ನೆನಪಾಗಲ್ಲ ಅಲ್ವಾ?" ಅನ್ನುತ್ತಿದ್ದಳು ಇವಳು. ಇದು ದಿನಾ ನಡೆಯುವ ಮಾತು. ದಿನಾ ಇಬ್ಬರೂ ನಗುತ್ತಿದ್ದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ದೊಡ್ಡಮ್ಮಾವ್ರು ಹೋದರು. ಮಗ ಯಜಮಾನನಾದ, ಅವನ ಹೆಂಡತಿ ಚಿಕ್ಕಮ್ಮಾವ್ರು ಆದಳು. ಪಾಪ, ಕೆಟ್ಟ ಹುಡುಗಿಯೇನಲ್ಲ. ಎರಡೇ ಕೋಣೆಯ ಮನೆಯಲ್ಲಿ, ತಾನೇ ಬಟ್ಟೆ ಒಗೆದು, ತಾನೇ ಪಾತ್ರೆ ತೊಳೆದು ಬೆಳೆದವಳು. ಅವಳಿಗೆ ಆಳುಗಳನ್ನು ಕಂಡರೆ ತಾತ್ಸಾರವಿರಲಿಲ್ಲ, ನಾಚಿಕೆಯಿತ್ತು. ಒಂದು ದಿನ ಊಟದ ಮೇಜಿನಲ್ಲಿ ಗಂಡನಿಗೆ ಹೇಳುವುದು ಅಡುಗೆಯಣ್ಣನ ಕಿವಿಗೆ ಬಿತ್ತು. "ನನ್ನ ಒಳಬಟ್ಟೆ ಯಾರೋ ಮಡಚಿಡ್ತಾರೆ. ಯಾರು ಅಂತ ನೋಡೇ ಇಲ್ಲ ನಾನು. ಮನೇಲಿ ಯಾರೋ ಇದ್ದಾರೆ, ಆದ್ರೆ ಇಲ್ಲ. ನಂಗೆ ಉಸಿರು ಕಟ್ಟುತ್ತೆ ರೀ. ಇಬ್ಬರಿಗೆ ಇಷ್ಟು ಜನ ಯಾಕೆ? ನನ್ನ ಸ್ನೇಹಿತೆಯರ ಮನೇಲಿ ಯಾರೂ ಇಟ್ಟುಕೊಂಡಿಲ್ಲ ಈಗ."

ಯಜಮಾನ ಲೆಕ್ಕಾಚಾರದ ಮನುಷ್ಯ. ಆಫೀಸಿನಲ್ಲಿ ಏನು ಮಾಡುತ್ತಾನೋ ಮನೆಯಲ್ಲೂ ಅದನ್ನೇ ಮಾಡಿದ. "ಪರೀಕ್ಷೆ ಮಾಡಿ ನೋಡೋಣ" ಅಂದ. ಎಲ್ಲರಿಗೂ ಒಂದು ವಾರ ಸಂಬಳದ ರಜೆ. ಆ ವಾರ ಗಂಡ ಹೆಂಡತಿ ಇಬ್ಬರೇ ಇದ್ದು ನೋಡುವುದು. ಯಾರಿಲ್ಲದೆ ಆಗುವುದಿಲ್ಲವೋ ಅವರು ಇರಲಿ, ಯಾರಿಲ್ಲದಿದ್ದರೂ ಆಗುತ್ತೋ ಅವರು ಬೇರೆ ಕಡೆ ನೋಡಿಕೊಳ್ಳಲಿ. ನ್ಯಾಯವಾಗಿಯೇ ಇತ್ತು ಕೇಳುವುದಕ್ಕೆ. ಅದರ ಜೊತೆಗೆ ಒಂದು ಯಂತ್ರವೂ ಬಂತು. ದೊಡ್ಡ ತಟ್ಟೆಯಷ್ಟು ಅಗಲ, ನೆಲದ ಮೇಲೆ ತಾನೇ ತೆವಳಿಕೊಂಡು ಹೋಗಿ ಕಸ ಹೀರುವಂಥದ್ದು. ಅಡುಗೆಯಣ್ಣ ಅದಕ್ಕೆ ಆಮೆ ಅಂತ ಹೆಸರಿಟ್ಟ.

ರಜೆಗೆ ಹೊರಡುವ ದಿನ ಅವನು ಚೀಲ ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಬಂದು, ಬೆಕ್ಕಕ್ಕನನ್ನು ಕೂರಿಸಿಕೊಂಡು ಬುದ್ಧಿ ಹೇಳಿದ.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಈ ಒಂದು ವಾರ ಕೈ ಕಟ್ಟಿ ಕೂತ್ಕೋ. ಮನೆ ಗಬ್ಬೆದ್ದು ಹೋಗಲಿ. ಕೂದಲು ಕಟ್ಟಿ ಬಚ್ಚಲು ತುಂಬಲಿ. ಆಮೇಲೆ ನೋಡು, ತಾವೇ ಬಂದು ಕರೀತಾರೆ."

"ನೀನೇನು ಮಾಡ್ತೀಯೋ?"

"ನಾನಾ? ನಮ್ಮಕ್ಕನ ಮನೇಲಿ ಕಾಲು ಚಾಚಿ ಮಲಗ್ತೀನಿ. ಎರಡು ಹೊತ್ತು ಬರೀ ಬ್ರೆಡ್ಡು ತಿನ್ನಲಿ, ಮೂರನೇ ಹೊತ್ತಿಗೆ ನನ್ನ ಫೋನು ಬಡ್ಕೊಳ್ಳಲಿಲ್ಲ ಅಂದ್ರೆ ಕೇಳು. ಹೊಟ್ಟೆಗಿಂತ ದೊಡ್ಡ ಶಿಫಾರಸು ಇಲ್ಲ ಅಕ್ಕಾ."

ಮಾಲಿಯೂ ಅದನ್ನೇ ಹೇಳಿದ. "ಸುಮ್ನಿರೇ. ಇದು ನಮ್ಮ ಕೋಣೆ ಪ್ರಶ್ನೆ." ಅದು ಅವಳಿಗೂ ಗೊತ್ತಿತ್ತು. ಕೆಲಸ ಹೋದರೆ ಇನ್ನೊಂದು ಕೆಲಸ ಸಿಗುತ್ತೆ, ಕೈಯಲ್ಲಿ ಕಸುಬಿದೆ. ಆದರೆ ಆ ಹದಿನಾಲ್ಕು ಹೆಜ್ಜೆ, ಒಂಬತ್ತು ಹೆಜ್ಜೆ, ಇಪ್ಪತ್ತೆರಡು ಹೆಜ್ಜೆ ಇನ್ನೆಲ್ಲಿ ಸಿಗುತ್ತವೆ? ದೊಡ್ಡಮ್ಮಾವ್ರ ಮಾತು ಇದೆ, ಅದು ಮಗನಿಗೂ ಗೊತ್ತು ಅಂತ ಒಂದು ಧೈರ್ಯ. ಆದರೂ ಒಳಗೊಳಗೆ ಸಣ್ಣ ಭಯ.

ಎರಡು ದಿನ ಕೂತಳು. ಕೂತಳು ಅನ್ನುವುದೂ ಸುಳ್ಳು. ತನ್ನ ಕೋಣೆಯನ್ನೇ ನಾಲ್ಕು ಸಲ ಸಾರಿಸಿದಳು, ಮಾಲಿಯ ಮಂಚವನ್ನು ಬಿಚ್ಚಿ ತೊಳೆದಳು, ನಿಂಬೆಗಿಡದ ಎಲೆಗಳನ್ನು ಒರೆಸಿದಳು. "ಆ ಗಿಡ ನಾಚ್ಕೊಳ್ತಾ ಇದೆ ಕಣೇ, ಬಿಡೇ ಅದನ್ನ" ಅಂದ ಮಾಲಿ. ಇತ್ತ ಅಡುಗೆಯಣ್ಣನ ಮಾತು ನಿಜವಾಯಿತು. ಎರಡನೇ ದಿನ ಸಂಜೆಗೇ ಅವನಿಗೆ ಫೋನು ಹೋಗಿ, ಮೂರನೇ ದಿನ ಬೆಳಗ್ಗೆ ಒಲೆ ಮುಂದೆ ಹಾಜರಾದ. ಬಂದವನೇ ಹಿತ್ತಲ ಕಡೆ ತಿರುಗಿ ಕಣ್ಣು ಹೊಡೆದ.

ಅದೇ ದಿನ ಮಧ್ಯಾಹ್ನ ಗಂಡ ಹೆಂಡತಿ ಹೊರಗೆ ಹೋದರು. ಅಡುಗೆಯಣ್ಣ ತರಕಾರಿಗೆ ಹೋದ. ಬೆಕ್ಕಕ್ಕ ಬಟ್ಟೆ ಒಣಹಾಕಲು ತಂತಿಯ ಬಳಿ ಬಂದವಳು ಕಿಟಕಿಯಿಂದ ಒಳಗೆ ಇಣುಕಿದಳು. ಇಣುಕಬಾರದಿತ್ತು. ನಡುಮನೆಯ ಬಿಳಿ ಕಲ್ಲಿನ ಮೇಜಿನ ಮೇಲೆ ಕಾಫಿ ಬಟ್ಟಲು ಇಟ್ಟು ಎತ್ತಿದ ಕಂದು ಉಂಗುರ ಕಾಣಿಸಿತು. ಒಂದಲ್ಲ, ಮೂರು. ದೊಡ್ಡಮ್ಮಾವ್ರ ಮೇಜು ಅದು. ಆ ಕಲ್ಲು ಕಲೆಯನ್ನು ಕುಡಿಯುತ್ತೆ, ಒಂದು ದಿನ ಬಿಟ್ಟರೆ ಜನ್ಮಕ್ಕೆ ಹೋಗುವುದಿಲ್ಲ. ಈ ಹುಡುಗರಿಗೆ ಅದು ಹೇಗೆ ಗೊತ್ತಾಗಬೇಕು?

ಸೊಂಟದಲ್ಲಿ ಹಿಂಬಾಗಿಲ ಬೀಗದಕೈ ಇತ್ತು. ಹತ್ತೊಂಬತ್ತು ವರ್ಷದಿಂದ ಅಲ್ಲೇ ಇತ್ತು. ರಜೆ ಕೊಟ್ಟಾಗ ಯಾರೂ ಅದನ್ನು ವಾಪಸು ಕೇಳಿರಲಿಲ್ಲ, ಅದು ಅವಳ ಬಳಿ ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ.

"ಎಲ್ಲಿಗೆ?" ಅಂದ ಮಾಲಿ, ಚಪ್ಪಲಿ ಬಿಟ್ಟ ಸದ್ದು ಕೇಳಿ.

"ಒಂದೇ ಒಂದು ಕಲೆ ಕಣ್ರೀ. ಒರೆಸಿ ಬಂದ್ಬಿಡ್ತೀನಿ."

"ಹುಟ್ಟುಗುಣ ಸುಟ್ರೂ ಹೋಗಲ್ಲ. ಹೋಗು, ಹೋಗು, ಚಪ್ಪಡಿ ಎಳ್ಕೊ ಕಾಲ ಮೇಲೆ."

ಒಂದು ಕಲೆ ಒರೆಸಲು ಹೋದವಳು ಎಷ್ಟು ಹೊತ್ತಿಗೆ ಬಂದಳು ಅಂತ ಕೇಳಬೇಡಿ. ಮೇಜು ಒರೆಸಿದ ಮೇಲೆ ಪಕ್ಕದ ಧೂಳು ಕಾಣಿಸಿತು. ಧೂಳು ಒರೆಸಿದ ಮೇಲೆ ಸೋಫಾದ ಕೆಳಗೆ ಸಿಕ್ಕಿಕೊಂಡು ಗೊರಗೊರ ಅನ್ನುತ್ತಿದ್ದ ಆಮೆ ಕಾಣಿಸಿತು. ಅದನ್ನು ಎಳೆದು, ಮಗುಚಿ, ಹೊಟ್ಟೆಯ ಕುಂಚಕ್ಕೆ ಸುತ್ತಿಕೊಂಡ ಕೂದಲನ್ನು ಬಿಡಿಸಿ, ತುಂಬಿದ ಕಸ ಸುರಿದು, ಅದರ ಜಾಗದಲ್ಲಿ ಕೂರಿಸಿದಳು. ನೆಲವನ್ನು ತಾನೇ ಗುಡಿಸಿ ಒರೆಸಿದಳು. ಬಚ್ಚಲು ಕಟ್ಟಿಕೊಂಡಿತ್ತು, ಬಿಡಿಸಿದಳು. ಮುಖ ತೊಳೆಯುವ ತೊಟ್ಟಿಯ ಅಂಚಿನಲ್ಲಿ ಚಿಕ್ಕಮ್ಮಾವ್ರ ಒಂದು ಕಿವಿಯೋಲೆ ಬಿದ್ದಿತ್ತು. ಇನ್ನೊಂದು ಬೆರಳಿನಷ್ಟು ಜಾರಿದ್ದರೆ ಮೋರಿಗೆ ಹೋಗುತ್ತಿತ್ತು. ಎತ್ತಿ, ಒರೆಸಿ, ಮಲಗುವ ಕೋಣೆಯ ಒಡವೆ ಪೆಟ್ಟಿಗೆಯಲ್ಲಿ ಅದರ ಜೋಡಿಯ ಪಕ್ಕ ಇಟ್ಟಳು.

ಕೆಲಸ ಮಾಡುತ್ತಾ ಮಾಡುತ್ತಾ ಅವಳಿಗೆ ಭಯ ಹೋಗಿ ಹುರುಪು ಬಂತು. ಅವಳ ತಲೆಯಲ್ಲಿ ಬೇರೆಯದೇ ಲೆಕ್ಕ ಓಡುತ್ತಿತ್ತು. ಅಡುಗೆಯಣ್ಣನಿಗೆ ಏನು ಗೊತ್ತು? ಮನೆ ಹಾಳಾಗಲಿ ಅಂತ ಕಾಯುವುದು ಉಪ್ಪು ತಿಂದವರ ಲಕ್ಷಣವೇ? ಅವರಿಗೂ ಕಣ್ಣಿಲ್ಲವೇ? ಬಂದು ನೋಡುತ್ತಾರೆ, 'ಅರೆ, ರಜೆ ಕೊಟ್ಟರೂ ಬಂದು ಮಾಡಿದ್ದಾಳಲ್ಲ' ಅಂದುಕೊಳ್ಳುತ್ತಾರೆ. ಹೇಳದೆ ಮಾಡಿದ ಕೆಲಸಕ್ಕೇ ಬೆಲೆ ಹೆಚ್ಚು ಅಂತ ಅವಳು ನಂಬಿಕೊಂಡಿದ್ದಳು. ಹಾಗೆಂದೇ ಅವಳಿಗೆ ಕಲಿಸಿದ್ದು. ಅಲ್ಲಿಂದ ಮುಂದೆ ದಿನಾ ಮಧ್ಯಾಹ್ನ, ಅವರು ಹೊರಗೆ ಹೋಗುವ ಹೊತ್ತು ನೋಡಿ ಒಳಗೆ ಹೋದಳು. ಅಡುಗೆಯಣ್ಣ ಹಣೆ ಹಣೆ ಚಚ್ಚಿಕೊಂಡ. "ನಿನ್ನಂಥ ಪೆದ್ದಿ ಈ ಭೂಮಿ ಮೇಲೆ ಇಲ್ಲ" ಅಂದ. ಅವಳು ಕೇಳಬೇಕಲ್ಲ!

ವಾರ ಮುಗಿಯಿತು. ಭಾನುವಾರ ಬೆಳಗ್ಗೆ ಎಲ್ಲರನ್ನೂ ನಡುಮನೆಗೆ ಕರೆದರು. ಬೆಕ್ಕಕ್ಕ ಮುಂದಿನ ಬಾಗಿಲಿಂದ ಆ ಕೋಣೆಗೆ ಬಂದದ್ದು ಅದೇ ಮೊದಲು. ಯಜಮಾನ ಕಾಗದ ಹಿಡಿದುಕೊಂಡು ಓದಿದ. ಅಡುಗೆಯವರು ಇರಬೇಕು, ಪ್ರಶ್ನೆಯೇ ಇಲ್ಲ. ಡ್ರೈವರು ಇರಬೇಕು. ಗೇಟಿಗೂ ಜನ ಬೇಕು. ಆಮೇಲೆ ಅವನ ಕಣ್ಣು ಬೆಕ್ಕಕ್ಕನ ಮೇಲೆ ಬಂದು ನಿಂತಿತು. ಇದು ಯಾರು ಅಂತ ನೆನಪಿಸಿಕೊಳ್ಳಲು ಅವನಿಗೆ ಒಂದು ಕ್ಷಣ ಬೇಕಾಯಿತು.

"ಒಳಗಿನ ಕೆಲಸ..." ಅಂದ. "ನೋಡಿ, ನಿಜ ಹೇಳ್ಬೇಕಂದ್ರೆ ನಮಗೇ ಆಶ್ಚರ್ಯ ಆಯ್ತು. ಮೊದಲೆರಡು ದಿನ ಸ್ವಲ್ಪ ಧೂಳು ಇತ್ತು. ಆಮೇಲೆ ಆ ಯಂತ್ರ ಹೊಂದಿಕೊಂಡುಬಿಡ್ತು. ಮನೆ ಕನ್ನಡಿ ಹಾಗಿದೆ. ಇಬ್ಬರೇ ಇದ್ರೆ ಗಲೀಜೇ ಆಗಲ್ಲ ಅಂತ ಗೊತ್ತಾಯ್ತು."

"ಬಾತ್‌ರೂಮು ಸಹ" ಅಂದಳು ಚಿಕ್ಕಮ್ಮಾವ್ರು. "ನಂಗಂತೂ ತುಂಬಾ ನೆಮ್ಮದಿಯಾಗಿತ್ತು ಈ ವಾರ. ಅಡುಗೆಮನೆ ಬಿಟ್ರೆ ಒಳಗೆ ಬೇರೆ ಯಾರೂ ಇಲ್ಲ ಅನ್ನೋ ನೆಮ್ಮದಿ."

ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಅಡುಗೆಯಣ್ಣ ಗಂಟಲು ಸರಿಮಾಡಿಕೊಂಡ. ಬೆಕ್ಕಕ್ಕ ಅವನಿಗಿಂತ ಮೊದಲು ಬಾಯಿ ಬಿಟ್ಟಳು. ಆ ಕೋಣೆಯಲ್ಲಿ ಅವಳ ದನಿ ಕೇಳಿದ್ದೂ ಅದೇ ಮೊದಲು. ಅವಳಿಗೇ ಅದು ಬೇರೆ ಯಾರದೋ ದನಿಯಂತೆ ಕೇಳಿಸಿತು.

"ಆಮೆ ಅಲ್ಲಮ್ಮಾ. ನಾನು. ನಾನು ಮಾಡಿದ್ದು."

"ಏನು ಮಾಡಿದ್ದು?"

"ಎಲ್ಲಾನೂ. ನೀವು ಹೊರಗೆ ಹೋದಾಗ ಬಂದು ಮಾಡ್ತಿದ್ದೆ. ಆ ಯಂತ್ರ ಸೋಫಾ ಕೆಳಗೆ ಸಿಕ್ಕೊಂಡು ಒದ್ದಾಡ್ತಿತ್ತು, ನಾನೇ ಎಳೆದಿಟ್ಟೆ. ಈ ಮೇಜಿನ ಮೇಲೆ ಮೂರು ಕಲೆ ಇತ್ತು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಂಬಲಿಲ್ಲ ಅಂತ ಅವಳಿಗೆ ಅನ್ನಿಸಿತು. ಅಯ್ಯೋ, ನಂಬಿಸಬೇಕಲ್ಲ, ಸಾಕ್ಷಿ ಬೇಕಲ್ಲ ಅಂತ ತಡಬಡಾಯಿಸಿ, ತನ್ನ ಹತ್ತಿರ ಇದ್ದುದರಲ್ಲೇ ಒಳ್ಳೆಯದನ್ನು ತೆಗೆದು ಮುಂದಿಟ್ಟಳು.

"ನಿಮ್ಮ ಕಿವಿಯೋಲೆ, ಹಸಿರು ಹರಳಿಂದು, ತೊಟ್ಟಿ ಹತ್ರ ಬಿದ್ದಿತ್ತು. ಮೋರಿಗೆ ಹೋಗ್ತಿತ್ತು. ನಾನೇ ಎತ್ತಿ ನಿಮ್ಮ ಪೆಟ್ಟಿಗೇಲಿ ಜೋಡಿ ಮಾಡಿಟ್ಟೆ. ಬೇಕಾದ್ರೆ ನೋಡಿ."

ಚಿಕ್ಕಮ್ಮಾವ್ರ ಮುಖ ಬಿಳಿಚಿಕೊಂಡಿತು. "ನನ್ನ ಪೆಟ್ಟಿಗೆ ತೆಗೆದ್ರಾ?"

"ಇಡೋಕೆ ಅಂತ..."

"ನಾವಿಲ್ಲದಾಗ ನಮ್ಮ ಮಲಗೋ ಕೋಣೆಗೆ ಬಂದು, ನನ್ನ ಒಡವೆ ಪೆಟ್ಟಿಗೆ ತೆಗೆದ್ರಾ? ವಾರವೆಲ್ಲ? ಬೀಗ ಹೇಗೆ ತೆಗೆದ್ರಿ?"

ಬೆಕ್ಕಕ್ಕ ಸೊಂಟದಿಂದ ಬೀಗದಕೈ ತೆಗೆದು ತೋರಿಸಿದಳು. ತೋರಿಸಿದ ಮೇಲೆ ತಾನೇನು ಮಾಡಿದೆ ಅಂತ ಗೊತ್ತಾಯಿತು. ಯಾರೂ ಕಳ್ಳಿ ಅನ್ನಲಿಲ್ಲ. ಓದಿದವರು, ಅಂಥ ಮಾತು ಬಾಯಲ್ಲಿ ಆಡುತ್ತಾರೆಯೇ? ಚಿಕ್ಕಮ್ಮಾವ್ರು ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಖಾನೆಗಳನ್ನು ಒಂದೊಂದಾಗಿ ಎಳೆಯುವ ಸದ್ದು ನಡುಮನೆಗೆ ಕೇಳಿಸುತ್ತಿತ್ತು. ಅಡುಗೆಯಣ್ಣ ನೆಲ ನೋಡುತ್ತಿದ್ದ. ಚಿಕ್ಕಮ್ಮಾವ್ರು ವಾಪಸು ಬಂದು "ಎಲ್ಲಾ ಇದೆ" ಅಂದಳು, ಗಂಡನಿಗೆ. ಅಷ್ಟೇ. ಎಲ್ಲಾ ಇದೆ ಅಂದ ಮೇಲೆ ಇನ್ನೊಂದು ಮಾತು ಬರಬೇಕಾಗಿತ್ತು, ಅದು ಬರಲೇ ಇಲ್ಲ.

"ಬೀಗದಕೈ ಇಲ್ಲಿಡಿ" ಅಂದ ಯಜಮಾನ. "ಹಿತ್ತಲ ಕೋಣೆ... ಬರೋ ಭಾನುವಾರದೊಳಗೆ ಖಾಲಿ ಮಾಡಿದ್ರೆ ಒಳ್ಳೇದು. ಎಲ್ಲರಿಗೂ ಒಳ್ಳೇದು."

"ಸ್ವಾಮಿ, ಕೋಣೆ..." ಅಂದಳು ಬೆಕ್ಕಕ್ಕ. "ದೊಡ್ಡಮ್ಮಾವ್ರು ಮಾತು ಕೊಟ್ಟಿದ್ರು. ಇರೋ ತನಕ ಅಂತ. ಆಸ್ಪತ್ರೇಲಿ, ನಮ್ಮೋರ ಮಂಚದ ಹತ್ರ. ನೀವೂ ಇದ್ರಿ. ಬಾಗಿಲ ಹತ್ರ ನಿಂತಿದ್ರಿ."

ಅವನು ನಿಜವಾಗಿಯೂ ನೆನಪಿಸಿಕೊಳ್ಳಲು ಪ್ರಯತ್ನ ಪಟ್ಟ. ಅದನ್ನು ಬೆಕ್ಕಕ್ಕ ಇವತ್ತಿಗೂ ಒಪ್ಪುತ್ತಾಳೆ. ಹುಬ್ಬು ಗಂಟಿಕ್ಕಿ ಯೋಚನೆ ಮಾಡಿದ. ಆಮೇಲೆ ತಲೆ ಅಲ್ಲಾಡಿಸಿದ.

"ನನಗೆ ನೆನಪಿಲ್ಲ. ಅಮ್ಮ ನನಗೇನೂ ಹೇಳಿಲ್ಲ."

ಅವಳು ಬೀಗದಕೈಯನ್ನು ಬಿಳಿ ಕಲ್ಲಿನ ಮೇಜಿನ ಮೇಲೆ ಇಟ್ಟಳು. ಸದ್ದಾಗದಂತೆ ಇಟ್ಟಳು. ಹಾಳಾದ ಅಭ್ಯಾಸ ನೋಡಿ, ಅವತ್ತೂ ಬಿಡಲಿಲ್ಲ. ಎತ್ತಿ ಬಿಸಾಡಬೇಕಾಗಿತ್ತು ಅಂತ ಆಮೇಲೆ ಎಷ್ಟು ಸಲ ಅಂದುಕೊಂಡಳೋ.

ಮಾಲಿಗೆ ಅವಳು ಹೇಳಿದ್ದು ಅರ್ಧವೇ. "ಅವರಿಗೆ ಆಳು ಬೇಡವಂತೆ ಕಣ್ರೀ. ಕಾಲ ಹಾಗಿದೆ. ಯಾರೂ ಇಟ್ಕೊಳ್ಳಲ್ಲವಂತೆ ಈಗ." ಒಡವೆ ಪೆಟ್ಟಿಗೆ ಎಳೆದು ನೋಡಿದ್ದು ಹೇಳಲಿಲ್ಲ. ಅಡುಗೆಯಣ್ಣನಿಂದಲೂ ಆಣೆ ಮಾಡಿಸಿಕೊಂಡಳು. ತಾನು ಆ ಮನೆಗೆ ಕೊಟ್ಟದ್ದು ಕಣ್ಣು, ಆ ಮನೆ ತನ್ನ ಹೆಂಡತಿಗೆ ಕೊಟ್ಟದ್ದು ಇದು ಅಂತ ಗೊತ್ತಾದರೆ ಆ ಮನುಷ್ಯ ಬದುಕುತ್ತಾನಾ? ಹೊರಡುವ ದಿನ ಮಾಲಿ ಹೊಸ್ತಿಲಿಂದ ನಲ್ಲಿಗೆ, ನಲ್ಲಿಯಿಂದ ನಿಂಬೆಗಿಡಕ್ಕೆ ಒಂದು ಸಲ ನಡೆದು ಬಂದ. "ಹದಿನಾಲ್ಕು, ಒಂಬತ್ತು. ಸರಿಯಾಗಿದೆ" ಅಂದು ಕೈ ಚಾಚಿದ, ಅವಳು ಹಿಡಿದುಕೊಂಡಳು.

ಈಗ ಅವರಿರುವುದು ಮೂರನೇ ಮಹಡಿಯ ಒಂದು ಬಾಡಿಗೆ ಕೋಣೆ. ಮಂಚದಿಂದ ಬಾಗಿಲಿಗೆ ನಾಲ್ಕು ಹೆಜ್ಜೆ, ಕಿಟಕಿಗೆ ಮೂರು. ಎಣಿಸುವುದಕ್ಕೆ ಅಷ್ಟೇ ಇರುವುದು. ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ, ಒಬ್ಬನೇ ಇಳಿಯುವ ಹಾಗಿಲ್ಲ. ಮಾಲಿ ಬೆಳಗ್ಗೆಯಿಂದ ಸಂಜೆ ತನಕ ಬಾಗಿಲ ಕಡೆ ಮುಖ ಮಾಡಿ ಮಂಚದ ಮೇಲೆ ಕೂತಿರುತ್ತಾನೆ. ಗೇಲಿ ನಿಂತುಹೋಯಿತು. ಮಾತೂ ಕಡಿಮೆಯಾಯಿತು. ಅನ್ನ ಹಾಕಿದರೆ ತಿನ್ನುತ್ತಾನೆ, ಇಲ್ಲದಿದ್ದರೆ ಕೇಳುವುದೂ ಇಲ್ಲ.

ಒಂದು ತಿಂಗಳಾದ ಮೇಲೆ ಅಡುಗೆಯಣ್ಣ ಹಣ್ಣು ತೆಗೆದುಕೊಂಡು ನೋಡಲು ಬಂದ. ಬೆಕ್ಕಕ್ಕ ಮೆಟ್ಟಿಲ ಬಳಿಯೇ ನಿಲ್ಲಿಸಿಕೊಂಡು ಕೇಳಿದಳು, ಕೇಳದೆ ಇರಲಾಗಲಿಲ್ಲ.

"ಆ ಮೇಜು ಹೇಗಿದೆಯೋ?"

"ಮೇಜಾ? ಮುಖಕ್ಕೆ ಮಚ್ಚೆ ಬಂದ ಹಾಗೆ ಆಗಿದೆ. ನೀನು ಹೋದ ಹತ್ತು ದಿನಕ್ಕೆ ಬಚ್ಚಲು ಕಟ್ಟಿ ನೀರು ನಡುಮನೆಗೆ ಬಂತು. ಆಮೆ ಕೂದಲು ನುಂಗಿ ಸತ್ತುಹೋಯ್ತು. ಚಿಕ್ಕಮ್ಮಾವ್ರು ನೆಲದ ಮೇಲೆ ಕೂತು ಅಳ್ತಿದ್ರು ಕಣಕ್ಕಾ. ನಂಗೂ ಅಯ್ಯೋ ಅನ್ನಿಸ್ತು, ಒಂದು ನಿಮಿಷ."

"ಮತ್ತೆ?"

"ಮತ್ತೇನು? ನಿನ್ನ ಕರೀತಾರೆ ಅಂದ್ಕೊಂಡ್ಯಾ? ಯಾವುದೋ ಕಂಪನಿಗೆ ಹೇಳಿದ್ದಾರೆ. ವಾರಕ್ಕೆ ಎರಡು ಸಲ ಮೂರು ಮೂರು ಜನ ಬಂದು ಹೋಗ್ತಾರೆ. ಇವತ್ತು ಬಂದೋರು ನಾಳೆ ಇಲ್ಲ. ಕೋಣೆಗೊಂದು ಕ್ಯಾಮೆರಾ ಹಾಕಿದ್ದಾರೆ. ಬಂದು ಹೋಗೋರು ಸಾಕಂತೆ, ಇರೋರು ಬೇಡವಂತೆ." ಅವನು ಹಣ್ಣಿನ ಚೀಲ ಅವಳ ಕೈಗಿಟ್ಟ. "ಆ ದಿನ ನಾನು ಮಾತಾಡಬೇಕಾಗಿತ್ತು ಅಕ್ಕಾ."

"ಮಾತಾಡಿದ್ರೆ ನೀನೂ ಹೊರಗೇ. ಬಿಡು" ಅಂದಳು. ಆದರೆ ಬಿಡಲಿಲ್ಲ, ಮನಸ್ಸಿನಲ್ಲಿ ಇವತ್ತಿಗೂ ಬಿಟ್ಟಿಲ್ಲ.

ಅವಳಿಗೂ ಸಿಕ್ಕಿದ್ದು ಅಂಥದ್ದೇ ಇನ್ನೊಂದು ಕಂಪನಿಯ ಕೆಲಸ. ದಿನಕ್ಕೆ ನಾಲ್ಕು ಮನೆ, ನೀಲಿ ಅಂಗಿ, ತಲೆಗೊಂದು ಟೋಪಿ. ಮನೆಯವರ ಜೊತೆ ಮಾತಾಡುವ ಹಾಗಿಲ್ಲ. ಎರಡನೇ ವಾರ ಕಂಪನಿಯವರು ಮೆತ್ತನೆ ರಬ್ಬರ್ ಅಟ್ಟೆಯ ಶೂ ಕೊಟ್ಟರು, ನೆಲಕ್ಕೆ ಗೀರು ಬೀಳದ ಹಾಗೆ, ಸದ್ದಾಗದ ಹಾಗೆ. ಅದನ್ನು ಕಂಡು ಅವಳಿಗೆ ನಗು ಬಂತು. ಬರಿಗಾಲಲ್ಲಿ ಹತ್ತೊಂಬತ್ತು ವರ್ಷ ಕಲಿತ ವಿದ್ಯೆಯನ್ನು ಇವರು ಡಬ್ಬಿಯಲ್ಲಿ ಹಾಕಿ ಕೊಡುತ್ತಿದ್ದಾರೆ.

ಅವತ್ತು ಬೇಗ ಕೆಲಸ ಮುಗಿಯಿತು. ಶೂ ಹಾಕಿಕೊಂಡೇ ಮನೆಗೆ ಬಂದಳು. ಮೆಟ್ಟಿಲು ಹತ್ತಿ, ಅರೆ ತೆರೆದಿದ್ದ ಬಾಗಿಲು ತಳ್ಳಿ ಒಳಗೆ ಬಂದು ನಿಂತಳು. ಸಾಕಾಗಿತ್ತು, ಉಸಿರು ತಿರುಗಿಸಿಕೊಳ್ಳುತ್ತಿದ್ದಳು. ಮಾಲಿ ಮುಖ ಎತ್ತಿದ. ಗಾಳಿ ಬದಲಾದದ್ದು ಗೊತ್ತಾಗಿರಬೇಕು.

"ಯಾರು?" ಅಂದ. ದನಿಯಲ್ಲಿ ಹೊರಗಿನವರಿಗೆ ತೋರಿಸುವ ಮರ್ಯಾದೆ. "ಯಾರು ಬೇಕಾಗಿತ್ತು? ನಮ್ಮೋಳು ಕೆಲಸಕ್ಕೆ ಹೋಗಿದ್ದಾಳೆ. ಸಾಯಂಕಾಲ ಬನ್ನಿ."

ಯಜಮಾನ ನಡುಮನೆಯಲ್ಲಿ ಗುರುತು ಸಿಗದೆ ನೋಡಿದಾಗಲೂ ಅವಳಿಗೆ ಇಷ್ಟು ನೋವಾಗಿರಲಿಲ್ಲ. ಈ ಲೋಕದಲ್ಲಿ ಅವಳನ್ನು ಹೆಜ್ಜೆಯಲ್ಲೇ ಗುರುತು ಹಿಡಿಯುವ ಜೀವ ಅಂತ ಇದ್ದದ್ದು ಇದೊಂದೇ.

"ನಾನೇ ಕಣ್ರೀ" ಅಂದಳು ಕೊನೆಗೆ.

"ನೀನಾ!" ಮಾಲಿ ನಕ್ಕ. ಆ ಕೋಣೆಗೆ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಹಳೇ ಗೇಲಿಯ ದನಿ ವಾಪಸು ಬಂದಿತ್ತು. "ಏನೇ ಇದು, ಸದ್ದೇ ಇಲ್ಲ! ಕಳ್ಳಿ ಹಾಗೆ ಬಂದು ನಿಂತ್ಕೊಂಡ್ರೆ ನಂಗೇನು ಗೊತ್ತಾಗ್ಬೇಕು?"

ಬೆಕ್ಕಕ್ಕ ಹೊಸ್ತಿಲ ಮೇಲೆ ಕೂತಳು. ಶೂ ಬಿಚ್ಚಿದಳು. ಅತ್ತಳು. ಒಂದು ಸದ್ದೂ ಹೊರಗೆ ಬರಲಿಲ್ಲ. ನಾಲ್ಕು ಹೆಜ್ಜೆ ಆಚೆ ಕೂತ ಮಾಲಿ ಇನ್ನೂ ನಗುತ್ತಾ, "ಏನೇ, ಎಮ್ಮೆ, ಮಾತೇ ಇಲ್ಲ?" ಅನ್ನುತ್ತಿದ್ದ. ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, "ಮೆಟ್ಟಿಲು ಹತ್ತಿ ಸಾಕಾಯ್ತು, ತಡೀರಿ" ಅಂದಳು.

ಮನೆ ಬಿಟ್ಟು ಮನೆ ಸೇರುವ ತನಕ ಆ ಶೂ ಬಿಡುವ ಹಾಗಿಲ್ಲ, ಕಂಪನಿಯ ಕಾಯಿದೆ. ಚಪ್ಪಲಿ ಹಾಗೆ ಎಳೆದರೆ ಅದು ಸದ್ದು ಮಾಡುವುದೂ ಇಲ್ಲ. ಅದಕ್ಕೇ ಮಾರನೇ ದಿನದಿಂದ ಅವಳು ಕೆಳಗಿನ ಮೆಟ್ಟಿಲಿಂದಲೇ ಕೆಮ್ಮುತ್ತಾ ಬರತೊಡಗಿದಳು. ಮೊದಲ ಮಹಡಿಯಲ್ಲಿ ಒಂದು ಸಲ, ಎರಡನೆಯದರಲ್ಲಿ ಎರಡು ಸಲ, ಬಾಗಿಲ ಮುಂದೆ ಜೋರಾಗಿ. ಮೇಲಿನಿಂದ "ಬಂತಪ್ಪಾ ಎಮ್ಮೆ" ಅನ್ನುವ ದನಿ ಕೇಳುವ ತನಕ ಕೆಮ್ಮುತ್ತಾಳೆ.

ಎರಡನೇ ಮಹಡಿಯ ಹೆಂಗಸು ಒಂದು ದಿನ ಬಾಗಿಲು ತೆಗೆದು ಕೇಳಿದಳು. "ಎಷ್ಟು ದಿನದಿಂದ ರೀ ನಿಮಗೆ ಈ ಕೆಮ್ಮು? ಡಾಕ್ಟರಿಗೆ ತೋರಿಸಬಾರದಾ?"

"ಈಗ ಶುರುವಾಯ್ತು ಕಣಮ್ಮ" ಅಂದಳು ಬೆಕ್ಕಕ್ಕ. "ಹತ್ತೊಂಬತ್ತು ವರ್ಷ ತಡ್ಕೊಂಡಿದ್ದೆ." ಅಷ್ಟು ಹೇಳಿ, ಇನ್ನೊಂದು ಸಲ ಕೆಮ್ಮಿ ಮೇಲೆ ಹತ್ತಿದಳು.